ಮೇಜಿನ ಆಚೆಯವರು

ನಮ್ಮ ಆಚೆಯವರದು ಕಲ್ಲುಮನಸ್ಸು. ಇದು ಊರಿಗೆಲ್ಲ ಗೊತ್ತಿತ್ತು, ಯಾಕೆಂದರೆ ಊರಿಗೆಲ್ಲ ಹೇಳಿದವಳು ನಾನೇ. ಹಿಟ್ಟಿನ ಗಿರಣಿಯಲ್ಲಿ ಹೇಳಿದ್ದೆ, ತರಕಾರಿ ಕೊಳ್ಳುವಾಗ ಹೇಳಿದ್ದೆ, ನಾದಿನಿ ಮಗುವಿನ ನಾಮಕರಣದ ಊಟದ ಪಂಕ್ತಿಯಲ್ಲಿ ಕೂತು ಎಡಕ್ಕೂ ಬಲಕ್ಕೂ ಹೇಳಿದ್ದೆ. ವರ್ಷಕ್ಕೊಮ್ಮೆ ನಾನು ಕಂಪನಿಯ ಬಡ್ತಿ ಕೋಣೆಗೆ ಹೋಗುತ್ತಿದ್ದೆ, ತಲೆ ತಗ್ಗಿಸಿಕೊಂಡು ಬಡ್ತಿ ಕೇಳುತ್ತಿದ್ದೆ. ಅವರು 'ಮುಂದಿನ ವರ್ಷ ನೋಡೋಣ' ಎನ್ನುತ್ತಿದ್ದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದೆ. ಕೇಳಿದವರೆಲ್ಲ 'ಅಯ್ಯೋ ಪಾಪ, ನಿಮ್ಮ ಆಚೆಯವರು ಹಾಗಾ' ಎಂದು ಲೊಚಗುಟ್ಟುತ್ತಿದ್ದರು. ಆ ಲೊಚಗುಟ್ಟುವಿಕೆಯೂ ಒಂದು ರೀತಿ ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮೂರಿನ ಕಂಪನಿ ಫ್ಯಾನು ಮಾಡುತ್ತದೆ. ತಲೆಯ ಮೇಲೆ ತಿರುಗುವ ಫ್ಯಾನು. ಊರಿನ ಅರ್ಧ ಜನ ಅಲ್ಲಿ ದುಡಿಯುತ್ತಾರೆ, ಉಳಿದರ್ಧ ಜನ ಅವರಿಗೆ ಅಕ್ಕಿ ಬೇಳೆ ಮಾರುತ್ತಾರೆ. ಬೆಳಿಗ್ಗೆ ಒಂದು ಗೇಟಿನಲ್ಲಿ ಒಳಹೊಕ್ಕು ಸುಮ್ಮನೆ ನಡೆಯುತ್ತಾ ಹೋದರೂ ಇನ್ನೊಂದು ಗೇಟು ಮುಟ್ಟುವಷ್ಟರಲ್ಲಿ ಊಟದ ಸೈರನ್ ಕೂಗುತ್ತದೆ. ಅಷ್ಟು ದೊಡ್ಡದು. ಇಷ್ಟು ದೊಡ್ಡ ಕಂಪನಿಯಲ್ಲಿ ಬಡ್ತಿ ಕೊಡುವ ಮನುಷ್ಯ ಒಬ್ಬನೂ ಇಲ್ಲ. ಇರುವುದು ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ.

ಬಾಗಿಲ ಕಡೆ ಇರುವುದು ಮರದ ಕುರ್ಚಿ. ಅದರಲ್ಲಿ ಕೂತು ನಿಮಗೇನು ಬೇಕೋ ಕೇಳಬೇಕು. ಕೇಳಿ ಎದ್ದು, ಮೇಜು ಬಳಸಿಕೊಂಡು ಹೋಗಿ, ಆಚೆಯ ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂರಬೇಕು. ಕೂತು ತಲೆಯೆತ್ತಿದರೆ ಎದುರಿಗೆ ಮರದ ಕುರ್ಚಿಯಲ್ಲಿ ನೀವೇ ಕೂತಿರುತ್ತೀರಿ. ಎದ್ದು ಬರುವಾಗ ಯಾವ ಮುಖ ಬಿಟ್ಟು ಬಂದಿದ್ದಿರೋ ಅದೇ ಮುಖ. ಅದನ್ನು ನೋಡಿ ಕೊಡುವುದೋ ಬಿಡುವುದೋ ತೀರ್ಮಾನಿಸಿ, ಬಾಯಿಬಿಟ್ಟು ಹೇಳಿ, ಬಂದ ದಾರಿಯಲ್ಲೇ ಮರಳಿ ಮರದ ಕುರ್ಚಿಯಲ್ಲಿ ಕೂತು, ಅಲ್ಲಿಂದ ಎದ್ದು ಹೊರಗೆ ಬರಬೇಕು. ಮರದ ಕುರ್ಚಿಗೆ ಮರಳಿ ಬಂದ ಕೂಡಲೇ ಆಚೆ ಕೂತು ಏನು ಯೋಚಿಸಿದಿರಿ ಎಂಬುದು ಮರೆತುಹೋಗಿರುತ್ತದೆ. ಬೆಳಗಿನ ಕನಸು ಮರೆತ ಹಾಗೆ. ಕಿವಿಯಲ್ಲಿ ಉಳಿಯುವುದು ಅವರು ಆಡಿದ ಮಾತು ಮಾತ್ರ.

ಬಡ್ತಿ ಸಿಕ್ಕಿದರೆ ಕೋಣೆಯ ಅಟೆಂಡರ್ ಮರಿಯಪ್ಪ ಒಂದು ಪಿಂಗಾಣಿ ಕಪ್ಪು, ಸಾಸರು ತಂದು ನಿಮ್ಮ ಹೊಸ ಜಾಗದಲ್ಲಿ ಇಡುತ್ತಾನೆ. ಅಷ್ಟೇ ಆಜ್ಞೆ, ಬೇರೆ ಕಾಗದಪತ್ರ ಇಲ್ಲ. ಕಪ್ಪು ಇದ್ದವರ ಮಾತು ನಡೆಯುತ್ತದೆ, ಸ್ಟೀಲ್ ಲೋಟದವರು ಕೇಳುತ್ತಾರೆ.

ಇದಕ್ಕೆ ಜನ ಹೊಂದಿಕೊಂಡಿದ್ದರು. ಹೆಣ್ಣು ನೋಡಲು ಬಂದ ಗಂಡಿನ ಬಗ್ಗೆ ಹಿರಿಯರು ಮೊದಲು ಕೇಳುವುದೇ 'ಹುಡುಗನ ಆಚೆಯವರು ಹೇಗೆ, ಬಿಗಿಯಾ, ಸಡಿಲಾ' ಎಂದು. ಕೆಲವರು ಕೋಣೆಗೆ ಹೋಗುವಾಗ ಆಚೆಯವರಿಗೆಂದು ಮನೆಯಲ್ಲಿ ಮಾಡಿದ ಹೋಳಿಗೆ ಕಟ್ಟಿಸಿಕೊಂಡು ಹೋಗುತ್ತಾರೆ. ಹೊರಗೆ ಬಂದಾಗ ಡಬ್ಬಿ ಖಾಲಿ ಇರುತ್ತದೆ, ತುಟಿಯಲ್ಲಿ ತುಪ್ಪ ಇರುತ್ತದೆ, ಬಡ್ತಿ ಮಾತ್ರ ಇರುವುದಿಲ್ಲ. ಬಸವಲಿಂಗಯ್ಯ ಎನ್ನುವವನ ಆಚೆಯವರು ಎಷ್ಟು ಸಡಿಲ ಎಂದರೆ, ಕೇಳಿದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತಾ ಅವನನ್ನು ಮೇಲಿನ ಮಹಡಿಗೆ ಕಳಿಸಿಬಿಟ್ಟರು. ಅಲ್ಲಿ ಅವನಿಗೆ ಏನು ಮಾಡಬೇಕೋ ತಿಳಿಯದೆ, ಈಗಲೂ ದಿನವಿಡೀ ಕಪ್ಪು ಒರೆಸುತ್ತಾ ಕೂತಿರುತ್ತಾನೆ ಎಂದು ಹೇಳುತ್ತಾರೆ.

ಒಂದು ಮಾತನ್ನು ಮಾತ್ರ ನಮ್ಮೂರಲ್ಲಿ ಯಾರೂ ಆಡುವುದಿಲ್ಲ. ಆಚೆಯವರು ಯಾರು ಎಂಬ ಮಾತು. ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಅದನ್ನು ಬಾಯಿಬಿಟ್ಟು ಹೇಳುವುದು ಊಟಕ್ಕೆ ಕೂತವರ ಎಲೆಯನ್ನು ಇಣುಕಿ ನೋಡಿದಷ್ಟೇ ಅಸಹ್ಯ. ಕೆಲಸ ಕೆಟ್ಟರೆ 'ಅವರ ಆಚೆಯವರು ಅವಸರಪಟ್ಟರು' ಎನ್ನಬೇಕು, ಬಡ್ತಿ ತಪ್ಪಿದರೆ 'ಆಚೆಯವರಿಗೆ ಮನಸ್ಸು ಬರಲಿಲ್ಲ' ಎನ್ನಬೇಕು. ಅದು ಮರ್ಯಾದೆ.

ನಾನು ಪರೀಕ್ಷಾ ವಿಭಾಗದಲ್ಲಿದ್ದೆ. ತಯಾರಾದ ಫ್ಯಾನುಗಳನ್ನು ಉದ್ದನೆಯ ಹಾಲಿನ ಸೂರಿಗೆ ಸಾಲಾಗಿ ತೂಗುಹಾಕಿ ದಿನವಿಡೀ ತಿರುಗಿಸಿ ನೋಡುವ ವಿಭಾಗ. ಅಲ್ಲಿ ದುಡಿಯುವ ಹೆಂಗಸರೆಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡಿರುತ್ತೇವೆ, ಇಲ್ಲದಿದ್ದರೆ ಸಂಜೆ ಬಾಚಣಿಗೆ ಇಳಿಯುವುದಿಲ್ಲ. ಗಾಳಿಯ ಸದ್ದಿಗೆ ಕೂಗಿ ಕೂಗಿ ಮನೆಯಲ್ಲೂ ನಮ್ಮ ಮಾತು ಜೋರು. ಹಾಲಿನ ಮೇಲ್ವಿಚಾರಕಿ ಸೀತಾಬಾಯಿಯವರಿಗೆ ವಯಸ್ಸಾಗಿತ್ತು, ಕಿವಿ ಮಂದವಾಗಿತ್ತು. ಯಾರನ್ನು ಯಾವ ಸಾಲಿಗೆ ಹಾಕಬೇಕು, ಯಾರ ಜಗಳ ಬಿಡಿಸಬೇಕು, ಯಾವ ಸರಕು ಇವತ್ತು ಹೋಗಬೇಕು ಎಂಬುದನ್ನೆಲ್ಲ ಅವರ ಹೆಸರಿನಲ್ಲಿ ನಾನೇ ನೋಡಿಕೊಳ್ಳುತ್ತಿದ್ದೆ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರಲ್ಲ. ಕಪ್ಪಿನಲ್ಲಿ ಕಾಫಿ ಕುಡಿಯುವವರು ಅವರು, ಲೋಟದಲ್ಲಿ ಕುಡಿಯುವವಳು ನಾನು.

ಆ ಬೇಸಿಗೆಯಲ್ಲಿ ಸೀತಾಬಾಯಿ ನಿವೃತ್ತರಾಗಿ ತಮ್ಮ ಕಪ್ಪನ್ನು ಮರಿಯಪ್ಪನಿಗೆ ಒಪ್ಪಿಸಿ ಮಗಳ ಊರಿಗೆ ಹೋದರು. ಅವರ ಜಾಗ ಖಾಲಿಯಾಯಿತು. ಆ ಜಾಗ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಅವರ ಮೇಜಿನ ಹತ್ತಿರ ಹಾದುಹೋಗುವಾಗ ಆ ಕಡೆ ನೋಡದೆ ಹೋಗುತ್ತಿದ್ದೆ. ಹಾಲಿನಲ್ಲಿ ಅದನ್ನು ಕೇಳಬಲ್ಲವಳು ಇನ್ನೊಬ್ಬಳಿದ್ದಳು, ರೆಹಾನಾ. ನಾನೇ ಕೆಲಸ ಕಲಿಸಿದ ಹುಡುಗಿ. ಕೈ ಚುರುಕು, ಬಾಯಿ ಇನ್ನೂ ಚುರುಕು. ಅವಳ ಆಚೆಯವರು ಅವಳಿಗೆ ಇದುವರೆಗೆ ಇಲ್ಲವೆಂದದ್ದಿಲ್ಲ.

"ಮಂಗಳಕ್ಕ, ಮೊದಲು ನೀವು ಹೋಗಿ ಬನ್ನಿ," ಎಂದಳು ರೆಹಾನಾ. "ನಿಮಗೆ ಆದ್ರೆ ಸಂತೋಷ. ನಿಮ್ಮ ಆಚೆಯವರು ಈ ಸಲಾನೂ ಒಲ್ಲೆ ಅಂದ್ರೆ ನಾನು ಹೋಗ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು ನೀವು."

"ಬೇಜಾರು ಯಾಕಮ್ಮ," ಎಂದೆ. ತಲೆಯ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡೆ.

ಮನೆಯಲ್ಲಿ ನನ್ನ ಗಂಡ ಶಿವನಂಜಪ್ಪನಿಗೆ ಹೇಳಿದೆ. ಆತ ಕಂಪನಿಯ ಕ್ಯಾಂಟೀನಿನಲ್ಲಿ ಸಾರು ಮಾಡುತ್ತಾನೆ. ಸೇರಿದ ದಿನದಿಂದ ಸಾರೇ. ಆ ಕೋಣೆಯ ಮೆಟ್ಟಿಲನ್ನು ಒಮ್ಮೆಯೂ ತುಳಿದವನಲ್ಲ. ಕೇಳಿದರೆ ನಗುತ್ತಾನೆ. "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ಅಲ್ಲಿ ದೇವರೂ ಅದೇ, ಪೂಜಾರೀನೂ ಅದೇ, ಭಕ್ತನೂ ಅದೇ. ನನಗ್ಯಾಕೆ ಬೇಕು ಆ ತಲೆನೋವು," ಎಂದ. ಆಮೇಲೆ ನನ್ನ ಮುಖ ನೋಡಿ, "ಹೋಗ್ಬಾ ಮಂಗಳಾ. ಈ ಸಲ ನೆಲ ನೋಡ್ಕೊಂಡು ಕೇಳಬೇಡ," ಎಂದ.

ಕೋಣೆಗೆ ಹೋಗಿ, ನೆಲ ನೋಡಿಕೊಂಡೇ ಕೇಳಿದೆ. ಬಹಳ ವರ್ಷ ಆಯಿತು, ಎಲ್ಲರಿಗೂ ಸಿಕ್ಕಿದೆ, ನನ್ನ ಮೇಲೆ ದಯವಿಡಿ ಎಂದೆ. ಎದ್ದು ಮೇಜು ಬಳಸಿ ಹೋಗಿ ಮೆತ್ತೆಯ ಕುರ್ಚಿಯಲ್ಲಿ ಕೂತೆ. ಮರಿಯಪ್ಪ ವಾಡಿಕೆಯಂತೆ ಆಚೆಯವರಿಗೆ ಕಾಫಿ ಇಟ್ಟಿದ್ದ, ಈಚೆಯವರಿಗೆ ನೀರು. ಕಾಫಿ ಒಂದು ಗುಟುಕು ಕುಡಿದು ತಲೆಯೆತ್ತಿದೆ.

ಎದುರಿಗೆ ಒಬ್ಬ ಹೆಂಗಸು ಕೂತಿದ್ದಳು. ತಲೆಗೆ ಕಟ್ಟಿದ ಬಟ್ಟೆ ಒಂದು ಕಡೆ ಜಾರಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಈಗಲೇ ಬೈಸಿಕೊಂಡವಳಂತೆ ಕೂತಿದ್ದಳು. ನೋಡಿ ಅಯ್ಯೋ ಅನಿಸಿತು. ಅದರ ಹಿಂದೆಯೇ, ಇವಳ ಕೈಯಲ್ಲಿ ಆಗುತ್ತದೆಯೇ ಎಂದೂ ಅನಿಸಿತು. ಕೊಟ್ಟುಬಿಡೋಣ, ಎಂದಿತು ಮನಸ್ಸು. ಕೊಟ್ಟು ಇವಳು ಕೆಡಿಸಿದರೆ ಜನ ಯಾರನ್ನು ಬೈಯುತ್ತಾರೆ, ಎಂದಿತು ಅದೇ ಮನಸ್ಸು. 'ಮುಂದಿನ ವರ್ಷ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಉಗುಳಲೂ ಆಗದೆ ನುಂಗಲೂ ಆಗದೆ ನಾನು ಒದ್ದಾಡುತ್ತಿದ್ದಾಗಲೇ ಊಟದ ಸೈರನ್ ಕೂಗಿತು.

ಕಂಪನಿಯಲ್ಲಿ ಇಷ್ಟು ವರ್ಷ ದುಡಿದವರ ಕಾಲಿಗೆ ಸೈರನ್ ಕೇಳಿಸುತ್ತದೆ, ತಲೆಗಲ್ಲ. ಕೂಗಿತೋ, ಎದ್ದೆ. ಕ್ಯಾಂಟೀನಿನಲ್ಲಿ ತಡವಾದರೆ ಹಪ್ಪಳ ಮುಗಿದುಹೋಗುತ್ತದೆ. ಬಾಗಿಲು ತೆಗೆದು ಹೊರಗೆ ಬಂದುಬಿಟ್ಟೆ. ಮರದ ಕುರ್ಚಿಗೆ ಮರಳಲಿಲ್ಲ, ಏನೂ ಹೇಳಲೂ ಇಲ್ಲ. ಅದು ಹೊಳೆದದ್ದು ಬಹಳ ಹೊತ್ತಿನ ಮೇಲೆ.

ಕ್ಯಾಂಟೀನಿನಲ್ಲಿ ಮೊದಲ ಎಡವಟ್ಟಾಯಿತು. ಸಾಲಿನಲ್ಲಿ ನಿಲ್ಲದೆ ನೇರ ಹೋಗಿ ಕೂತೆ. ಬಡಿಸುವವರು ಬಂದು ಬಡಿಸಿದರು. ನಾನೇಕೆ ಸಾಲಿನಲ್ಲಿಲ್ಲ ಎಂದು ಯಾರೂ ಕೇಳಲಿಲ್ಲ. ಸಾರಿನ ರುಚಿ ನೋಡಿ, ಒಳಗಿನಿಂದ ಇಣುಕಿದ ಶಿವನಂಜಪ್ಪನಿಗೆ "ಪರವಾಗಿಲ್ಲ, ಇನ್ನೂ ಸುಧಾರಿಸಬಹುದು" ಎಂದೆ. ಆತ ಸೌಟು ಹಿಡಿದುಕೊಂಡೇ ನಿಂತುಬಿಟ್ಟ. ಹಾಲಿಗೆ ಮರಳಿದಾಗ ರೆಹಾನಾ ಓಡಿ ಬಂದು "ಏನಾಯ್ತು ಅಕ್ಕ, ಏನಂದ್ರು?" ಎಂದು ಕೇಳಿದಳು. "ಪರಿಶೀಲನೆಯಲ್ಲಿದೆ," ಎಂದೆ. ನನ್ನ ಬಾಯಿಂದ ಅಂಥ ಮಾತು ಯಾವತ್ತೂ ಬಂದಿರಲಿಲ್ಲ. ಅವಳಿಗಿಂತ ನಾನೇ ಹೆಚ್ಚು ಬೆರಗಾದೆ.

ಸಂಜೆ ಮನೆಗೆ ಬಂದ ಮೇಲೂ ಏನೋ ಸರಿಯಿಲ್ಲ ಎಂಬುದು ಹೋಗಲಿಲ್ಲ. ಯಾರನ್ನೋ ಎಲ್ಲಿಯೋ ಕೂರಿಸಿ ಬಂದಿದ್ದೇನೆ, ಅವರು ಕಾಯುತ್ತಿದ್ದಾರೆ ಎನಿಸುತ್ತಿತ್ತು. ಒಲೆ ಆರಿಸಿದೆನೇ ಎಂದು ನೋಡಿದೆ, ಆರಿತ್ತು. ನಲ್ಲಿ ನೋಡಿದೆ, ನಿಂತಿತ್ತು. ಶಿವನಂಜಪ್ಪ ಬಂದು, "ರಾತ್ರಿಗೆ ಉಪ್ಪಿಟ್ಟು ಮಾಡ್ತೀಯಾ?" ಎಂದು ಕೇಳಿದ.

"ನೋಡೋಣ," ಎಂದೆ.

"ಹಸಿವಾಗಿದೆ ಕಣೇ."

"ನಿಮ್ಮ ಕೋರಿಕೆ ನ್ಯಾಯವಾದದ್ದೇ. ಆದ್ರೆ ಈಗಲೇ ಮಾತು ಕೊಡೋಕೆ ಆಗಲ್ಲ."

ಆತ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಹತ್ತಿರ ಬಂದು, ಪಕ್ಕದ ಮನೆಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದ. "ಮಂಗಳಾ, ನೀನು ಯಾವ ಕುರ್ಚಿಯಿಂದ ಎದ್ದು ಬಂದೆ?"

ಆಗ ಹೊಳೆಯಿತು. ಅಲ್ಲೇ ಕೂತೆ. "ಅವಳು ಅಲ್ಲೇ ಕೂತಿದಾಳೆ," ಎಂದೆ. "ಊಟಾನೂ ಮಾಡಿಲ್ಲ."

"ಯಾರು?"

"ಅವಳು. ಕೇಳೋಕೆ ಬಂದವಳು. ನಾನು."

"ಹಂಗಾದ್ರೆ ಇಲ್ಲಿರೋ ನೀನು ಯಾರೇ?"

ಇಷ್ಟು ವರ್ಷ ನಾನು ಊರೆಲ್ಲ ಬೈದುಕೊಂಡು ತಿರುಗಿದ ಕಲ್ಲುಮನಸ್ಸಿನ ಆಚೆಯವರು ನಮ್ಮ ಮನೆಯ ಅಡುಗೆಕೋಣೆಯಲ್ಲಿ, ನನ್ನ ಸೀರೆ ಉಟ್ಟುಕೊಂಡು ಕೂತಿದ್ದರು. ಮರದ ಕುರ್ಚಿಗೆ ಮರಳದ್ದರಿಂದ ಏನೂ ಮರೆತಿರಲಿಲ್ಲ. ಆಚೆ ಕೂತು ಯೋಚಿಸಿದ್ದು ಒಂದೊಂದೂ ನೆನಪಿತ್ತು, ಹಿಂದಿನ ವರ್ಷಗಳದ್ದೂ ನೆನಪಾಗತೊಡಗಿತು. ಕಲ್ಲುಮನಸ್ಸೇನೂ ಇರಲಿಲ್ಲ ಅಲ್ಲಿ. ಅದನ್ನು ತಿಳಿದು ನನಗೆ ನಿಜವಾಗಿ ದುಃಖವಾಯಿತು. ಕಲ್ಲಾದರೆ ಬೈಯಬಹುದು. ಅಲ್ಲಿದ್ದದ್ದು ಬರೀ ಹೆದರಿಕೆ. ಕೊಡದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಕೊಟ್ಟರೆ ತಾನೇ ಮಾತು ಬರುವುದು ಎಂಬ ಹೆದರಿಕೆ. ಪ್ರತಿ ವರ್ಷವೂ ಅದೇ, ಮತ್ತೆ ಅದಕ್ಕೆ ಪ್ರತಿ ವರ್ಷವೂ ಬಿಗಿ ಮುಖದ ಮುಸುಕು.

ಇದನ್ನೆಲ್ಲ ಶಿವನಂಜಪ್ಪನಿಗೆ ಹೇಳಿದೆ. ಆತ ತಲೆ ಕೆರೆದುಕೊಂಡ. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅಂತಾರೆ. ನಿಮ್ಮ ಆಚೆಯವರಿಗೆ ಕೋಡಂಗಿ ಆಗೋಕೆ ಇಷ್ಟ ಇಲ್ಲ, ಅಷ್ಟೇ," ಎಂದ. ಆಮೇಲೆ ತಾನೇ ಎದ್ದು ಉಪ್ಪಿಟ್ಟು ಮಾಡಿದ. ಬಡಿಸಿ, "ಇದಕ್ಕೂ ಪರವಾಗಿಲ್ಲ ಅಂದ್ರೆ ನಾಳೆಯಿಂದ ಊಟ ಆ ಕೋಣೇಲೇ ಮಾಡ್ಕೋ," ಎಂದ. ಚೆನ್ನಾಗಿದೆ ಎಂದೆ. ಅಷ್ಟು ಹೇಳಲು ಎಷ್ಟು ಕಷ್ಟವಾಯಿತು ಎಂಬುದು ನನಗೊಬ್ಬಳಿಗೇ ಗೊತ್ತು.

ಮರುದಿನ ಬೆಳಿಗ್ಗೆ ಕೋಣೆಯ ಹೊರಗೆ ಜನ ಸೇರಿದ್ದರು. ಬಡ್ತಿ ಕೇಳಲು ಬಂದವರು ಒಳಗೆ ಹೋಗಲಾಗದೆ ಗೊಣಗುತ್ತಾ ಬೆಂಚಿನ ಮೇಲೆ ಕೂತಿದ್ದರು. ಒಬ್ಬನ ಹೋಳಿಗೆ ಆಗಲೇ ತಣ್ಣಗಾಗಿತ್ತು. ರೆಹಾನಾ ಕೂಡ ಅಲ್ಲಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿ, ಮತ್ತೆ ತಡೆಯಲಾಗದೆ ಕೈಹಿಡಿದು, "ಪರಿಶೀಲನೆ ಅಂದ್ರಲ್ಲ, ಮುಗೀತಾ?" ಎಂದಳು. ಮರಿಯಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಇಷ್ಟು ವರ್ಷದಲ್ಲಿ ಅವನ ಮುಖದಲ್ಲಿ ಗಾಬರಿ ನೋಡಿದ್ದು ಅದೇ ಮೊದಲು.

"ಬಂದ್ರಾ ಮಂಗಳಮ್ನೋರೇ," ಎಂದ ಪಿಸುದನಿಯಲ್ಲಿ. "ನಿನ್ನೆ ಸಂಜೆ ಬಾಗಿಲು ಹಾಕೋಣ ಅಂತ ನೋಡ್ತೀನಿ, ನೀವು ಒಳಗೇ ಕೂತಿದೀರಿ. ಮಧ್ಯಾಹ್ನ ನೀವು ಹೊರಗೆ ಹೋಗಿದ್ದನ್ನೂ ನಾನೇ ನೋಡಿದೀನಿ. ಏನ್ ಮಾಡ್ಲಿ? ನೀರು ಕೊಟ್ಟೆ, ನಮ್ಮನೆಯಿಂದ ಎರಡು ರೊಟ್ಟಿ ತಂದುಕೊಟ್ಟೆ. ತಿಂದ್ರು. ಮೊದಮೊದಲು ಸುಮ್ಮನೆ ನೆಲ ನೋಡ್ಕೊಂಡು ಕೂತಿದ್ರು. ಬೆಳಿಗ್ಗೆ ಬಂದು ನೋಡಿದ್ರೆ," ಎಂದು ನಿಲ್ಲಿಸಿದ.

"ನೋಡಿದ್ರೆ?"

"ನೀವೇ ನೋಡಿ ಅಮ್ಮಾ. ನಾನು ಬರೀ ಕಾಫಿ ಕೊಡೋನು."

ಒಳಗೆ ಹೋದೆ. ಮರದ ಕುರ್ಚಿ ಖಾಲಿ ಇತ್ತು. ಅವಳು ಮೇಜು ಬಳಸಿ ಹೋಗಿ ಮೆತ್ತೆಯ ಕುರ್ಚಿಯಲ್ಲಿ ಕೂತಿದ್ದಳು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಕೇಳಿದ ಮೇಲೆ ಎದ್ದು ಆಚೆ ಹೋಗಿ ಕೂರುವುದು ತಾನೆ ಕಟ್ಟಳೆ? ಅವಳು ಕೇಳಿದ್ದಳು, ಕಾದಿದ್ದಳು, ಆಚೆಯ ಕುರ್ಚಿ ಖಾಲಿ ಬಿದ್ದಿತ್ತು, ಹೋಗಿ ಕೂತಿದ್ದಳು. ತಲೆಯ ಬಟ್ಟೆಯನ್ನು ಬಿಚ್ಚಿ ಮಡಿಸಿ ಮೇಜಿನ ಮೇಲೆ ಇಟ್ಟಿದ್ದಳು. ಮರಿಯಪ್ಪ ವಾಡಿಕೆ ತಪ್ಪದೆ ಅವಳ ಮುಂದೆ ಕಾಫಿ ಇಟ್ಟಿದ್ದ.

ನಾನು ನಿಂತೇ ಇದ್ದೆ. ಅದು ನನ್ನ ಕುರ್ಚಿ, ಏಳಿ ಎನ್ನಬೇಕೆನಿಸಿತು. ಹಾಗೆನ್ನಲು ಬಾಯಿ ಬರಲಿಲ್ಲ, ಯಾಕೆಂದರೆ ಅವಳು ನನ್ನನ್ನು ನೋಡುತ್ತಿದ್ದ ರೀತಿ ನನಗೆ ಗುರುತಿತ್ತು. ಅಯ್ಯೋ ಅನಿಸುವ ನೋಟ ಅದು, ಇವಳ ಕೈಯಲ್ಲಿ ಆಗುತ್ತದೆಯೇ ಎಂಬ ನೋಟ.

"ಕೂತ್ಕೊಳ್ಳಿ," ಎಂದಳು.

ಮರದ ಕುರ್ಚಿಯಲ್ಲಿ ಕೂತೆ. ಅದು ಒಂದು ಕಾಲಿನ ಕಡೆ ಕುಂಟುತ್ತದೆ. ಪ್ರತಿ ವರ್ಷ ಅದರಲ್ಲಿ ಕೂತಿದ್ದೆ, ಆದರೂ ಅದು ನೆನಪಿರಲಿಲ್ಲ.

"ಹೇಳಿ, ಏನು ಬೇಕು?"

ನನಗೆ ಸಿಟ್ಟು ಬಂತು. ಏನು ಬೇಕೆಂದು ಇವಳಿಗೆ ಗೊತ್ತಿಲ್ಲವೇ? ನಿನ್ನೆ ಕೇಳಿದವಳು ಇವಳೇ ಅಲ್ಲವೇ? ಆದರೆ ಕೂತ ಕುರ್ಚಿ ಬಿಡುವುದಿಲ್ಲ. "ಪರೀಕ್ಷಾ ಹಾಲಿನ ಮೇಲ್ವಿಚಾರಣೆ ನನಗೆ ಬೇಕು," ಎಂದೆ. ನೆಲ ನೋಡೋಣವೆಂದರೆ ಅವಳು ನನ್ನ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ.

"ಯಾಕೆ? ಬಹಳ ವರ್ಷ ಆಯ್ತು ಅಂತಾನಾ?"

"ಅದಕ್ಕಲ್ಲ. ಆ ಕೆಲಸ ನನಗೆ ಇಷ್ಟ. ಈಗಲೂ ಮಾಡ್ತಿದೀನಿ. ಆದ್ರೆ ಇಷ್ಟು ವರ್ಷ ಸೀತಾಬಾಯಿ ಹೇಳಿದ್ರು ಅಂತ ಹೇಳ್ಕೊಂಡು ಮಾಡ್ತಿದ್ದೆ. ನನ್ನ ಹೆಸರಲ್ಲಿ ಮಾಡ್ಬೇಕು."

ಇದು ಎಲ್ಲಿಂದ ಬಂತೋ ನನಗೆ ತಿಳಿಯದು. ಅವಳು ಕಾಫಿಯ ಕಪ್ಪು ಎತ್ತಿ, ಕುಡಿಯದೆ ಕೆಳಗಿಟ್ಟಳು.

"ಕೆಡಿಸಿದ್ರೆ?" ಎಂದಳು.

"ಕೆಡಿಸಿದ್ರೆ ಕೊಟ್ಟವರ ಹೆಸರು ಹೇಳ್ತೀನಿ."

"ಕೊಟ್ಟವರು ಯಾರು?"

ನಾನು ಕೊಡುವವಳಾಗಿ ಮನೆಯಿಂದ ಬಂದಿದ್ದೆ, ಕೇಳುವವಳಾಗಿ ಕೂತಿದ್ದೆ. ಅವಳು ಕೇಳಲು ಬಂದವಳು, ಕೊಡುವವಳಾಗಿ ಕೂತಿದ್ದಳು. ಯಾರು ಯಾರಿಗೆ ಕೊಡುತ್ತಿದ್ದೇವೆ ಎಂದು ಲೆಕ್ಕ ಹಾಕಲು ಹೋಗಿ, ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಹಾಗಾಯಿತು ನನ್ನ ಬುದ್ಧಿ. ಅವಳೂ ಅದೇ ಲೆಕ್ಕ ಹಾಕುತ್ತಿದ್ದಳು ಎಂದು ಕಾಣುತ್ತದೆ, ಹುಬ್ಬು ಗಂಟಾಗಿತ್ತು.

"ಗೊತ್ತಾಗ್ತಿಲ್ಲ," ಎಂದೆ.

"ನನಗೂ ಗೊತ್ತಾಗ್ತಿಲ್ಲ," ಎಂದಳು. ಅವಳಿಗೆ ನಗು ಬಂತು, ನನಗೂ ಬಂತು. ಇಷ್ಟು ವರ್ಷದಲ್ಲಿ ಆ ಮುಖ ನಕ್ಕದ್ದನ್ನು ನಾನು ನೋಡಿರಲಿಲ್ಲ. ಚೆನ್ನಾಗಿಯೇ ಇತ್ತು.

ನಗು ಇಳಿಯುತ್ತಿದ್ದಾಗ "ಆಗಲಿ" ಎಂಬ ಮಾತು ಕೇಳಿಸಿತು. ಅದನ್ನು ಅಂದವರು ಯಾರು ಎಂದು ಪ್ರಮಾಣ ಮಾಡಿ ಹೇಳಿ ಎಂದರೆ ಇವತ್ತಿಗೂ ಹೇಳಲಾರೆ. ಮೇಜಿನ ಆಚೆಯಿಂದ ಬಂದಂತಿತ್ತು, ನನ್ನ ತುಟಿಯೂ ಅಲುಗಿದಂತಿತ್ತು. ನಾನು ಮರದ ಕುರ್ಚಿಯಿಂದ ಎದ್ದೆ. ಬಾಗಿಲ ಬಳಿ ತಿರುಗಿ ನೋಡಿದೆ. ಮೆತ್ತೆಯ ಕುರ್ಚಿ ಖಾಲಿ ಇತ್ತು. ಮಡಿಸಿದ ಬಟ್ಟೆ ನನ್ನ ಕೈಯಲ್ಲಿತ್ತು. ಏನನ್ನೂ ಮರೆತಿರಲಿಲ್ಲ.

"ಯಾವ ಕಡೆಯವರಮ್ಮಾ ನೀವು?" ಎಂದ ಮರಿಯಪ್ಪ.

"ಕಪ್ಪು ತೊಳೆದು ತಗೊಂಬಾ ಮರಿಯಪ್ಪ," ಎಂದೆ.

ರೆಹಾನಾ ನನ್ನನ್ನು ತಬ್ಬಿಕೊಂಡಳು. ನಿಜವಾದ ಸಂತೋಷದಲ್ಲೇ ತಬ್ಬಿಕೊಂಡಳು. ಬೆನ್ನ ಮೇಲಿನ ಅವಳ ಕೈ ಮಾತ್ರ ಒಂದು ಕ್ಷಣ ತಡವಾಗಿ ಬಂತು. ಅದೂ ನ್ಯಾಯವೇ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಕೆಲಸ ಸಿಕ್ಕಿದರೆ ಆಯಿತೇ, ಮಾಡಬೇಕಲ್ಲ.

ನಾನು ಮೇಲ್ವಿಚಾರಕಿಯಾದ ಹೊಸತರಲ್ಲೇ ಮದುವೆಯ ಕಾಲ ಬಂತು. ಊರಿನ ದೊಡ್ಡ ಕಲ್ಯಾಣಮಂಟಪಕ್ಕೆ ಹೊಸ ಫ್ಯಾನು ಬೇಕೆಂದು ಅವಸರ ಮಾಡಿದರು. ಇನ್ನೊಂದು ದಿನ ತಿರುಗಿಸಿ ನೋಡೋಣ ಅಕ್ಕ ಎಂದು ರೆಹಾನಾ ಹೇಳಿದ್ದಳು. ನನಗೆ ಹೊಸ ಕಪ್ಪಿನ ಹುಮ್ಮಸ್ಸು. ಬೇಡ, ನಾನು ನೋಡಿದ್ದೇನೆ, ಕಳಿಸಿ ಎಂದೆ. ಸದ್ದು ನೋಡಿದ್ದೆ, ವೇಗ ನೋಡಿದ್ದೆ. ಆ ಗಾಳಿಯ ಹಾಲಿನಲ್ಲಿ ಯಾವ ಗಾಳಿ ಯಾವ ಫ್ಯಾನಿನದು ಎಂದು ಮಾತ್ರ ನೋಡಿರಲಿಲ್ಲ. ಆ ಸರಕಿನ ರೆಕ್ಕೆಗಳೆಲ್ಲ ತಿರುವುಮುರುವಾಗಿ ಕೂತಿದ್ದವು. ಮುಹೂರ್ತದ ಹೊತ್ತಿಗೆ ಮಂಟಪದ ಫ್ಯಾನುಗಳನ್ನೆಲ್ಲ ಹಾಕಿದರೆ ಗಾಳಿ ಸೂರಿನ ಕಡೆ ಹೋಯಿತು. ಕೆಳಗೆ ಕೂತವರು ಬೆವೆತು ನೀರಾದರು. ಪುರೋಹಿತರ ಶಲ್ಯ ಮೇಲೆದ್ದು ಅವರ ಮುಖವನ್ನೇ ಮುಚ್ಚಿತು. ಗಟ್ಟಿಮೇಳ ಎಂದಾಗ ಜನ ಎಸೆದ ಅಕ್ಷತೆ ವಧೂವರರ ತಲೆಯ ಮೇಲೆ ಬೀಳದೆ ಮೇಲಕ್ಕೆ ಹೋಗಿ ಅಲ್ಲೇ ಸುತ್ತತೊಡಗಿತು. ಫ್ಯಾನು ಆರಿಸುವವರೆಗೂ ಆ ಮದುಮಕ್ಕಳಿಗೆ ಆಶೀರ್ವಾದ ಇಳಿಯಲಿಲ್ಲ.

ಸುದ್ದಿ ನಮ್ಮ ಹಾಲಿಗೆ ಬರಲು ಎಷ್ಟು ಹೊತ್ತು? ಮಂಟಪದವರೇ ಬಂದರು, ಹೆಣ್ಣಿನ ತಂದೆ ಬೆವರಿದ ರೇಷ್ಮೆ ಪಂಚೆಯಲ್ಲೇ ಬಂದರು. ಅವರ ಹಿಂದೆ ಕ್ಯಾಂಟೀನಿನಿಂದ ಶಿವನಂಜಪ್ಪ, ಕಾರಿಡಾರಿನಿಂದ ಮರಿಯಪ್ಪ. ಹಾಲಿನಲ್ಲಿ ಯಾರೋ ಫ್ಯಾನುಗಳನ್ನೆಲ್ಲ ನಿಲ್ಲಿಸಿದರು. ಅಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿರಲಿಲ್ಲ. ನನ್ನ ಮೇಜಿನ ಮೇಲೆ ಕಪ್ಪಿನಲ್ಲಿ ಕಾಫಿ ತಣ್ಣಗಾಗುತ್ತಿತ್ತು.

ಬಂದವರು ಮರ್ಯಾದಸ್ಥರು. ಹೆಣ್ಣಿನ ತಂದೆ ಸಿಟ್ಟನ್ನು ನುಂಗಿಕೊಂಡು, ಊರಿನ ರೀತಿ ಬಿಡದೆ, ನನಗೆ ತಪ್ಪಿಸಿಕೊಳ್ಳಲು ದಾರಿ ಕೊಟ್ಟರು. "ನಿಮ್ಮದೇನಿದೆ ತಾಯಿ," ಎಂದರು. "ನಿಮ್ಮ ಆಚೆಯವರು ಸ್ವಲ್ಪ ಅವಸರಪಟ್ಟು ಈ ಕೆಲಸ ಕೊಟ್ಟುಬಿಟ್ರು ಅಂತ ಕಾಣುತ್ತೆ."

ಎಲ್ಲರೂ ತಲೆಯಾಡಿಸಿದರು. ನಾನು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಊರವರೆಲ್ಲ ಆಚೆಯವರಿಗೆ ನಾಲ್ಕು ಮಾತು ಬೈಯುತ್ತಿದ್ದರು, ನಾನೂ ಸೇರಿಕೊಂಡು ಬೈಯುತ್ತಿದ್ದೆ, ಹಿಟ್ಟಿನ ಗಿರಣಿಯಲ್ಲಿ ಲೊಚಗುಟ್ಟಲು ಹೊಸ ವಿಷಯ ಸಿಗುತ್ತಿತ್ತು. ಹೂಂ ಎನ್ನಲೆಂದೇ ಬಾಯಿ ತೆರೆದೆ. ಆಗ ಆ ಮುಖ ನೆನಪಾಯಿತು. ಕಾಫಿಯ ಕಪ್ಪು ಎತ್ತಿ ಕುಡಿಯದೆ ಇಟ್ಟು, ಕೊಟ್ಟವರು ಯಾರು ಎಂದು ಕೇಳಿದ್ದಳಲ್ಲ, ಆ ಮುಖ. ಅವಳು ಹೆದರಿದ್ದು ಇದಕ್ಕೇ. ಇದೇ ಹೊತ್ತಿನಲ್ಲಿ ನಾನು ಅವಳನ್ನು ಒಬ್ಬಳನ್ನೇ ಮುಂದೆ ತಳ್ಳಿ ಹಿಂದೆ ನಿಲ್ಲುತ್ತೇನೆ ಎಂದು.

"ಆಚೆಯವರು ಅಂತ ಯಾರೂ ಇಲ್ಲ," ಎಂದೆ. "ನಾನೇ ಕೇಳಿದ್ದು, ನಾನೇ ಕೊಟ್ಕೊಂಡಿದ್ದು. ಕಳಿಸಿ ಅಂದವಳೂ ನಾನೇ."

ಹೆಣ್ಣಿನ ತಂದೆ ಪಕ್ಕಕ್ಕೆ ನೋಡಿದರು, ನಾನು ಅವರೆದುರು ಸೀರೆ ಜಾರಿಸಿಕೊಂಡಂತೆ. ಮರಿಯಪ್ಪ ಕೆಮ್ಮಿದ. ರೆಹಾನಾ, "ಹಂಗಾದ್ರೆ ನನ್ನ ಆಚೆಯವರೂ," ಎಂದು ಶುರುಮಾಡಿ ನಿಲ್ಲಿಸಿ, ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಶಿವನಂಜಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದ, ಉಪ್ಪಿಟ್ಟಿನ ದಿನ ನೋಡಿದ ಹಾಗೆ, ಇವಳು ಯಾವ ಕಡೆಯವಳು ಎಂದು. ಹೇಳಿ ಆದ ಮೇಲೆ ಮುಂದೇನು ಮಾಡಬೇಕೆಂದು ನನಗೂ ತಿಳಿಯಲಿಲ್ಲ. ಹೀಗೆ ಹೇಳಿದವರು ಮುಂದೇನು ಮಾಡಿದರು ಎಂದು ಕೇಳೋಣವೆಂದರೆ ಊರಿನಲ್ಲಿ ಹೇಳಿದವರೇ ಯಾರೂ ಇರಲಿಲ್ಲ. ಅವಮಾನವಾಗಿತ್ತು, ಅದರ ಅಡಿಯಲ್ಲಿ ಎಲ್ಲೋ ಹಗುರವೂ ಆಗಿತ್ತು.

ತಲೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿಕೊಂಡೆ. ಮಂಟಪದಲ್ಲಿ ಫ್ಯಾನುಗಳು ಇನ್ನೂ ಹಾಗೇ ತೂಗುತ್ತಿದ್ದವು, ಸಂಜೆಗೆ ಆರತಕ್ಷತೆ ಇತ್ತು, ಅಷ್ಟರೊಳಗೆ ರೆಕ್ಕೆಗಳನ್ನು ಬಿಚ್ಚಿ ಸರಿಯಾಗಿ ಕೂರಿಸಬೇಕಿತ್ತು.

"ಏಣಿ ಎಲ್ಲಿದೆ?" ಎಂದೆ.

"ಗೋಡೌನಿನಲ್ಲಿದೆ ಅಕ್ಕ," ಎಂದಳು ರೆಹಾನಾ. "ಒಬ್ಬರಿಂದ ಎತ್ತೋಕಾಗಲ್ಲ, ಭಾರ. ಈ ಕಡೆ ನಾನು ಹಿಡ್ಕೋತೀನಿ."

ಆ ಕಡೆ ನಾನು ಹಿಡಿದುಕೊಂಡೆ.